ಮೂವತ್ತೇಳನೆಯ ವಚನ ಎಲ್ಲಿ ಹೋಯಿತು?

ಕೇಳುಗರಿಗೆ ನಮಸ್ಕಾರ.

ಒಂದು ಸಂಜೆ ನಮ್ಮ ಮನೆಯ ಪ್ರಾರ್ಥನಾಕೂಟದಲ್ಲಿ ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಎಂಟನೆಯ ಅಧ್ಯಾಯ ಓದುತ್ತಿದ್ದೆವು, ಒಬ್ಬೊಬ್ಬರು ಒಂದೊಂದು ವಚನ. ರಥದಲ್ಲಿ ಇಥಿಯೋಪಿಯದ ಕಂಚುಕಿ, ಅಂದರೆ ರಾಣಿಯ ಆಸ್ಥಾನದ ಅಧಿಕಾರಿ; ಪಕ್ಕದಲ್ಲಿ ಅವನಿಗೆ ಯೇಸುವಿನ ವಿಷಯ ಹೇಳುತ್ತಿದ್ದ ಫಿಲಿಪ್ಪ. ಇಲ್ಲಿ ನೀರಿದೆ, ನನಗೆ ದೀಕ್ಷಾಸ್ನಾನವಾಗಲು ಅಡ್ಡಿ ಏನು ಎಂದು ಕಂಚುಕಿ ಕೇಳುವಲ್ಲಿಗೆ 36ನೆಯ ವಚನ ಮುಗಿಯಿತು. ಮುಂದಿನದು ನನ್ನ ತಂಗಿಯ ಮಗಳ ಸರದಿ. ಮೊಬೈಲಿನಲ್ಲಿ ಈ ಕಾಲದ ಇಂಗ್ಲಿಷ್ ಅನುವಾದವಾದ ನ್ಯೂ ಇಂಟರ್‌ನ್ಯಾಷನಲ್ ವರ್ಷನ್ ತೆರೆದುಕೊಂಡಿದ್ದ ಅವಳು, "ಮಾವ, ಇದರಲ್ಲಿ 37 ಇಲ್ಲವೇ ಇಲ್ಲ, 36 ಆದ ಮೇಲೆ 38" ಎಂದಳು.

ದೊಡ್ಡಪ್ಪ ತಮ್ಮ ಹಳೆಯ ಇಂಗ್ಲಿಷ್ ಅನುವಾದವಾದ ಕಿಂಗ್ ಜೇಮ್ಸ್ ಬೈಬಲಿನ ಮೇಲೆ ಬೆರಳಿಟ್ಟು ತೋರಿಸಿದರು. ಯೇಸು ಕ್ರಿಸ್ತನು ದೇವರ ಮಗನೆಂದು ನಂಬುತ್ತೇನೆ ಎಂದು ಕಂಚುಕಿ ಅರಿಕೆ ಮಾಡುವ ಮಾತು ಅಲ್ಲಿತ್ತು. "ಇದನ್ನೇ ಕಿತ್ತು ಹಾಕಿದವರ ಬೈಬಲನ್ನು ನಂಬುವುದು ಹೇಗೆ?" ಎಂದರು. ಅವರ ಧ್ವನಿ ನಡುಗುತ್ತಿತ್ತು. ಆ ಸಂಕಟವನ್ನು ಹಗುರವಾಗಿ ಕಾಣಲು ನನ್ನಿಂದಾಗದು. ಬಾಲ್ಯದಿಂದ ಬಾಯಿಪಾಠವಾಗಿರುವ ಮಾತು ಅದು.

ಆದರೆ ಕಿತ್ತವರು ಯಾರು, ಸೇರಿಸಿದವರು ಯಾರು? 1516ರಲ್ಲಿ ವಿದ್ವಾಂಸ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಬಾಸೆಲ್‌ನಲ್ಲಿ ಅಚ್ಚು ಹಾಕಿಸಿದಾಗ ಅವರ ಕೈಯಲ್ಲಿದ್ದದ್ದು ಕೆಲವೇ ಹಸ್ತಪ್ರತಿಗಳು. ಅವರು ಮುಖ್ಯವಾಗಿ ನೆಚ್ಚಿಕೊಂಡಿದ್ದ ಪ್ರತಿಯಲ್ಲಿ ಈ ವಚನ ಇರಲಿಲ್ಲ; ಇನ್ನೊಂದು ಪ್ರತಿಯ ಅಂಚಿನಲ್ಲಿ ಇತ್ತು. ನಕಲು ಮಾಡಿದವರ ಅಜಾಗರೂಕತೆಯಿಂದ ಬಿಟ್ಟುಹೋಗಿರಬೇಕೆಂದು ಭಾವಿಸಿ ಅವರು ಅದನ್ನು ಒಳಗೆ ಸೇರಿಸಿಕೊಂಡರು. 1551ರಲ್ಲಿ, ಪ್ಯಾರಿಸ್ ಬಿಟ್ಟು ಜಿನೀವಾದಲ್ಲಿ ನೆಲೆಸಿದ್ದ ಮುದ್ರಕ ರಾಬರ್ಟ್ ಎಸ್ತಿಯೆನ್ ವಚನಗಳಿಗೆ ಅಂಕಿ ಕೊಟ್ಟಾಗ ಅದಕ್ಕೂ 37 ಎಂಬ ಅಂಕಿ ಬಿತ್ತು. 1611ರ ಕಿಂಗ್ ಜೇಮ್ಸ್ ಅನುವಾದ ನಡೆದದ್ದು ಈ ಹಾದಿಯಲ್ಲೇ. ನಾಲ್ಕನೆಯ ಶತಮಾನದ ಸೈನೈಟಿಕಸ್, ವ್ಯಾಟಿಕನಸ್ ಎಂಬ ಗ್ರೀಕ್ ಹಸ್ತಪ್ರತಿಗಳನ್ನು ವಿದ್ವಾಂಸರು ಸಾಲುಸಾಲಾಗಿ ಹೋಲಿಸಿ ನೋಡಿದ್ದು ಬಹಳ ತಡವಾಗಿ, ಹತ್ತೊಂಬತ್ತನೆಯ ಶತಮಾನದಲ್ಲಿ. ಅವೆರಡರಲ್ಲೂ ಆ ಮಾತಿಲ್ಲ. ಹಾಗೆಂದು ಅದು ನಿನ್ನೆ ಮೊನ್ನೆಯ ಕಲ್ಪನೆಯೂ ಅಲ್ಲ. ಎರಡನೆಯ ಶತಮಾನದ ಬಿಷಪ್ ಐರೆನೇಯಸ್‌ಗೆ ಅದು ತಿಳಿದಿತ್ತು. ದೀಕ್ಷಾಸ್ನಾನದ ಹೊತ್ತಿನಲ್ಲಿ ಸಭೆಯಲ್ಲಿ ಹೇಳುತ್ತಿದ್ದ ಅರಿಕೆಯನ್ನು ಯಾರೋ ಭಕ್ತಿಯಿಂದ ಅಂಚಿನಲ್ಲಿ ಬರೆದಿಟ್ಟಿರಬೇಕು ಎಂಬ ಊಹೆ ನನಗೆ ಒಪ್ಪಿಗೆಯಾಗುತ್ತದೆ.

ದೇವರ ಮಾತಿನಿಂದ ಏನನ್ನೂ ತೆಗೆಯಬಾರದು ಎಂದು ನಾವು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಯ ಅಧ್ಯಾಯವನ್ನು ಎತ್ತಿ ಹೇಳುತ್ತೇವೆ. ಏನನ್ನೂ ಕೂಡಿಸಬಾರದು ಎಂಬ ಎಚ್ಚರಿಕೆ ಅಲ್ಲಿ ಅದಕ್ಕಿಂತ ಮೊದಲೇ ಬರುತ್ತದೆ.

ನಾನು ಅನುವಾದವನ್ನು ಅಳೆಯುವುದು ಅದರ ಅಡಿಟಿಪ್ಪಣಿಯಿಂದ. ಸಂದೇಹವಿರುವ ಕಡೆ ಸಂದೇಹವಿದೆ ಎಂದು ಹೇಳುವ ಧೈರ್ಯ ಅದಕ್ಕಿದೆಯೇ ಎಂದು ನೋಡುತ್ತೇನೆ. ಕಿಂಗ್ ಜೇಮ್ಸ್ ಅನುವಾದಕರಿಗೂ ಆ ಧೈರ್ಯವಿತ್ತು. 1611ರ ಮುದ್ರಣದ ಅಂಚಿನಲ್ಲಿ ಅವರು ಬೇರೆ ಅರ್ಥಗಳನ್ನು ಕೊಟ್ಟಿದ್ದರು. ಹಾಗೆ ಕೊಟ್ಟದ್ದು ಏಕೆ ಸರಿ ಎಂದು ಮುನ್ನುಡಿಯಲ್ಲಿ ವಾದಿಸಿಯೂ ಇದ್ದರು. ಈಗಿನ ಹಲವು ಮುದ್ರಣಗಳಲ್ಲಿ ಆ ಮುನ್ನುಡಿಯೇ ಇರುವುದಿಲ್ಲ. ಅದು ನಮಗಾದ ನಷ್ಟ.

ನಮ್ಮ ಕನ್ನಡ ಬೈಬಲೂ ಒಂದೇ ಸಲಕ್ಕೆ ಇಳಿದುಬಂದ ಗ್ರಂಥವಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಅವರ ಕಾಲದಿಂದ ಎಷ್ಟೋ ಕೈಗಳು ತಿದ್ದಿವೆ. ಸತ್ಯವೇದ ಎಂಬ ಕನ್ನಡ ಅನುವಾದದಲ್ಲಿ ಯೇಸು 'ಆತನು'. ಇನ್ನೊಂದು ಅನುವಾದದಲ್ಲಿ 'ಯೇಸುಸ್ವಾಮಿ', 'ಹೇಳಿದರು'. ಮೂಲದ ಗ್ರೀಕಿನಲ್ಲಿ ನಮ್ಮಂತೆ ಗೌರವದ ಬಹುವಚನವಿಲ್ಲ. ಒಂದನ್ನು ಓದುವವರು ಇನ್ನೊಂದನ್ನು ಅಗೌರವ ಎಂದೋ ಅತಿಯಾಯಿತು ಎಂದೋ ಜರೆಯುವುದು ನನಗೆ ನೋವು ತರುತ್ತದೆ.

ಆ ಸಂಜೆ ತಂಗಿಯ ಮಗಳು ಪರದೆಯ ಕೆಳಗಿದ್ದ ಸಣ್ಣ ಅಕ್ಷರಗಳನ್ನು ಮುಟ್ಟಿದಳು. ಕೆಲವು ಹಸ್ತಪ್ರತಿಗಳಲ್ಲಿ ಈ ಮಾತೂ ಇದೆ ಎಂದು ಅಡಿಟಿಪ್ಪಣಿ ತೆರೆದುಕೊಂಡಿತು. ಕಂಚುಕಿಯ ಅರಿಕೆ ಪೂರ್ತಿಯಾಗಿ ಅಲ್ಲಿತ್ತು. ಅವಳು ಅದನ್ನು ಗಟ್ಟಿಯಾಗಿ ಓದಿದಳು. ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಂಡು, "ಸರಿ, ಮುಂದೆ ಓದಮ್ಮ" ಎಂದರು. 38ನೆಯ ವಚನದಲ್ಲಿ ರಥ ನಿಂತಿತು, ಇಬ್ಬರೂ ನೀರಿಗಿಳಿದರು.