ಮರಳಿ ಕೊಡಲಾರದವರಿಗೆ ಮಾಡಿ

ಕೇಳುಗ ಬಂಧುಗಳಿಗೆ ನಮಸ್ಕಾರ. ಚರ್ಚಿನ ಸಂಘಗಳಲ್ಲಿ ಓಡಾಡುವವರು, ಹಬ್ಬ ಬಂದರೆ ಬಡವರಿಗೆ ಅಕ್ಕಿ ಹಂಚುವವರು ಇದ್ದೀರಲ್ಲ, ಈ ಮಾತು ನಿಮಗೇ. ಹೇಳಬೇಕಾದ್ದು ಒಂದೇ: ಮರಳಿ ಕೊಡಲಾರದವರಿಗೆ ಮಾಡಿ. ಲೂಕನ ಶುಭಸಂದೇಶದ 14ನೇ ಅಧ್ಯಾಯ ತೆಗೆಯಿರಿ. ಔತಣಕ್ಕೆ ಸಿರಿವಂತ ನೆರೆಯವರನ್ನು ಕರೆಯಬೇಡ, ಅವರು ನಿನ್ನನ್ನೂ ಕರೆದು ಲೆಕ್ಕ ಚುಕ್ತಾ ಮಾಡಿಯಾರು. ಬಡವರನ್ನು, ಕುಂಟರನ್ನು, ಕುರುಡರನ್ನು ಕರೆ ಅನ್ನುತ್ತಾರೆ ಯೇಸುಸ್ವಾಮಿ.

ಬೆಲ್ಜಿಯಂ ದೇಶದ ಫಾದರ್ ಡೇಮಿಯನ್ ಇದನ್ನು ಮಾಡಿ ತೋರಿಸಿದರು. ಹವಾಯಿಯಲ್ಲಿ ಆಗ ಕುಷ್ಠರೋಗ ಬಂದವರನ್ನು ಸರ್ಕಾರವೇ ಹಿಡಿದು ಮೊಲೊಕಾಯಿ ದ್ವೀಪದ ಒಂದು ತುದಿಗೆ ಸಾಗಿಸುತ್ತಿತ್ತು. ಮೂರು ಕಡೆ ಸಮುದ್ರ, ಹಿಂದೆ ಗೋಡೆಯಂತೆ ನಿಂತ ಬೆಟ್ಟ. ಹೋದವರು ತಿರುಗಿ ಬರುವ ಮಾತಿಲ್ಲ. ನಾಲ್ವರು ಗುರುಗಳು ಸರದಿಯ ಮೇಲೆ ಹೋಗಿಬರುವುದೆಂದು ತೀರ್ಮಾನವಾಯಿತು. 1873ರ ಮೇ ತಿಂಗಳಲ್ಲಿ ಮೊದಲ ಸರದಿ ಡೇಮಿಯನ್ನರದು, ಆಗ ಅವರಿಗೆ 33 ವರ್ಷ. ಎರಡನೆಯವರ ಸರದಿ ಬರಲೇ ಇಲ್ಲ, ಇವರು ಅಲ್ಲೇ ಉಳಿದರು! ಹುಣ್ಣು ತೊಳೆದು ಪಟ್ಟಿ ಕಟ್ಟಿದರು, ಮನೆ ಕಟ್ಟಿದರು, ನೀರಿನ ಕೊಳವೆ ಹಾಕಿಸಿದರು. ಸತ್ತವರಿಗೆ ಪೆಟ್ಟಿಗೆ ಮಾಡಿ, ಗುಂಡಿಯನ್ನೂ ತಾವೇ ತೋಡಿದರು. ಆ ಪೆಟ್ಟಿಗೆಯೊಳಗೆ ಮಲಗಿದವನು ಎದ್ದುಬಂದು ಥ್ಯಾಂಕ್ಸ್ ಹೇಳುತ್ತಾನೆಯೇ, ನೀವೇ ಹೇಳಿ.

1881ರಲ್ಲಿ ಹವಾಯಿಯ ರಾಜಕುಮಾರಿ ಲಿಲಿಯುಓಕಲಾನಿ ಅಲ್ಲಿಗೆ ಬಂದು, ಭಾಷಣ ಮಾಡಲಾಗದೆ ಕಣ್ಣೀರಿಟ್ಟರು. ಡೇಮಿಯನ್ನರಿಗೆ ರಾಜ್ಯದ ಪದಕ ಬಂತು. ಅದನ್ನು ಎದೆಗೆ ಚುಚ್ಚಿಕೊಂಡು ಓಡಾಡಿದವರಲ್ಲ ಅವರು. ನಮ್ಮಲ್ಲೋ, ಚರ್ಚಿಗೆ ಒಂದು ಫ್ಯಾನ್ ಕೊಟ್ಟರೆ ರೆಕ್ಕೆಯ ಮೇಲೂ ಹೆಸರು ಬರೆಸುತ್ತೇವೆ. ತಿರುಗುವಾಗ ಅದನ್ನು ಓದಲಿಕ್ಕೂ ಆಗುವುದಿಲ್ಲ, ಬಿಡಿ.

1884ರಲ್ಲಿ ಒಂದು ದಿನ ಕುದಿಯುವ ನೀರು ತಾಗಿ ಅವರ ಕಾಲಿನ ಚರ್ಮ ಬೊಬ್ಬೆ ಎದ್ದಿತು. ನೋವೇ ಇಲ್ಲ. ಕುಷ್ಠ ತಗಲಿದ ಕಡೆ ಚರ್ಮ ಮರಗಟ್ಟುತ್ತದೆ. ರೋಗ ತಮಗೂ ಬಂದಿದೆ ಎಂದು ತಿಳಿಯಿತು. ಕೆಲಸ ಮಾತ್ರ ನಿಲ್ಲಿಸಲಿಲ್ಲ. 1889ರ ಏಪ್ರಿಲ್ 15ರಂದು ಅಲ್ಲೇ ತೀರಿಕೊಂಡರು. ಸಂತ ಪದವಿ ಬಂದದ್ದು 2009ರಲ್ಲಿ. ಅಷ್ಟು ಹೊತ್ತಿಗೆ 120 ವರ್ಷ ಕಳೆದಿತ್ತು.

ನಮ್ಮ ಮಂಗಳೂರಿನ ಫಾದರ್ ಮುಲ್ಲರ್ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಡೇಮಿಯನ್ನರೇ ಸಮಯವೆಲ್ಲ ತೆಗೆದುಕೊಂಡರು. 1880ರಲ್ಲಿ ಕಂಕನಾಡಿಯ ಆಲದ ಮರದಡಿ ಹೋಮಿಯೋಪತಿ ಮದ್ದು ಕೊಡಲು ಶುರುಮಾಡಿದ ಆ ಜರ್ಮನ್ ಗುರು, 1890ರಲ್ಲಿ ಕುಷ್ಠರೋಗಿಗಳಿಗೂ ಆಸ್ಪತ್ರೆ ತೆರೆದರು. ಅವರೂ ನೋಡಿದ್ದು ಮರಳಿ ಕೊಡಲಾರದವರನ್ನೇ.

ಈ ಭಾನುವಾರ ಬಲಿಪೂಜೆ ಮುಗಿಸಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಯಾರೂ ನೋಡಲು ಬಾರದ ರೋಗಿ ಯಾರೆಂದು ಸಿಸ್ಟರ್ ಹತ್ತಿರ ಕೇಳಿ, ಅವರ ಪಕ್ಕ ಕೂತುಕೊಳ್ಳಿ. ಮೊಬೈಲ್ ಜೇಬಿನಲ್ಲೇ ಇರಲಿ, ಫೋಟೋ ಬೇಡ. ನಮಸ್ಕಾರ.