ಹಳೇ ಬಾಸ್ ಗಿಟಾರಿನ ವಯಸ್ಸು: ಬಿಚ್ಚಿ ಒಳಗೆ ನೋಡಿ

ನಮಸ್ಕಾರ. ಹಳೇ ಎಲೆಕ್ಟ್ರಿಕ್ ಬಾಸ್ ಗಿಟಾರ್ ಯಾವ ವರ್ಷದ್ದು ಅಂತ ಕಂಡುಹಿಡಿಯೋದು ಹೇಗೆ ಅಂತ ಮಾತಾಡಿ ಅಂತ ಈ ಸ್ಟುಡಿಯೋದವರು ಅಂದಿದ್ದಾರೆ. ಇರೋ ಸಮಯದಲ್ಲಿ ಎಲ್ಲಾ ಹೇಳಕ್ಕಾಗಲ್ಲ, ಹಾಗಾಗಿ ಒಂದೇ ವಿಷಯ ಹೇಳ್ತೀನಿ, ಅದನ್ನೇ ಮತ್ತೆ ಮತ್ತೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬಿಚ್ಚಿ ಒಳಗೆ ನೋಡಿ. ಒಳಗೆ ಸಿಗೋ ತಾರೀಖು "ಇದಕ್ಕಿಂತ ಮುಂಚೆ ಅಲ್ಲ" ಅಂತ ಮಾತ್ರ ಹೇಳತ್ತೆ, ಇನ್ನೇನೂ ಹೇಳಲ್ಲ.

ಕಾಲೇಜ್ ಬ್ಯಾಂಡಲ್ಲಿ ಬಾಸ್ ಬಾರಿಸೋ ಹುಡುಗ ಹುಡುಗೀರು, ಅಮೆರಿಕಾದಲ್ಲಿರೋ ಮಾವನೋ ಅಣ್ಣನೋ ಫೆಂಡರ್ ಕಂಪನಿಯ ಹಳೇ ಬಾಸ್ ತಂದುಕೊಟ್ಟು "ಇದು ಅರವತ್ತರ ದಶಕದ್ದು ಕಣೋ" ಅಂತ ಹೇಳಿ ಹೋಗಿರೋ ಮನೆಯವರು, ನೀವೇ ಕೇಳ್ತಿದ್ದೀರ ಅಂದ್ಕೊಂಡು ಮಾತಾಡ್ತಿದ್ದೀನಿ. ಸೌಂಡ್ ಕೇಳಿದ್ರೇ ವರ್ಷ ಗೊತ್ತಾಗತ್ತೆ ಅನ್ನೋರು ಯಾರಾದ್ರೂ ಇದ್ರೆ, ದಯವಿಟ್ಟು ಸ್ವಲ್ಪ ಹೊತ್ತು ಸುಮ್ನಿರಿ.

ಮೊದಲು ಹೊರಗಡೆಯಿಂದ ಎಷ್ಟು ಗೊತ್ತಾಗತ್ತೋ ಅಷ್ಟು ನೋಡ್ಕೊಂಡುಬಿಡೋಣ. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಪ್ರಿಸಿಷನ್ ಬಾಸ್ ತಂದಿದ್ದು 1951ರಲ್ಲಿ, ಆಗ ಅದಕ್ಕೆ ನೇರವಾದ ಒಂದೇ ಪಿಕಪ್, ಅಂದ್ರೆ ತಂತಿಯ ಅದುರನ್ನ ಕರೆಂಟ್ ಮಾಡೋ ಮ್ಯಾಗ್ನೆಟ್ಟು, ಸುರುಳಿ ಇರೋ ಭಾಗ. 1957ರಲ್ಲಿ ಪಿಕಪ್‌ನ ಎರಡು ತುಂಡು ಮಾಡಿ ಹಿಂದೆ ಮುಂದೆ ಕೂರಿಸಿದ್ರು, ಒಂದಕ್ಕೆ ಇನ್ನೊಂದರ ಸುರುಳಿ ಉಲ್ಟಾ, ಮ್ಯಾಗ್ನೆಟ್ಟೂ ಉಲ್ಟಾ, ಅದರಿಂದ ಕರೆಂಟಿನ ಗುಂಯ್ ಶಬ್ದ ಒಂದಕ್ಕೊಂದು ಹೊಡ್ಕೊಂಡು ಹೋಗತ್ತೆ. 1960ಕ್ಕೆ ಜಾಝ್ ಬಾಸ್ ಬಂತು, ಎರಡು ಪಿಕಪ್, ಶುರುವಿನಲ್ಲಿ ಒಂದರ ಮೇಲೊಂದು ಕೂತಿರೋ ಜೋಡಿ ನಾಬ್, 62ರ ಹೊತ್ತಿಗೆ ಮೂರು ಬಿಡಿ ನಾಬ್. ಇಷ್ಟು ಹೊರಗಿನ ಕಥೆ. ನೆಕ್ಕು, ಅಂದ್ರೆ ಗಿಟಾರಿನ ಕತ್ತು, ಮೈಗೆ ಸೇರೋ ಜಾಗದ ನೆಕ್ ಪ್ಲೇಟ್ ಮೇಲಿನ ಸೀರಿಯಲ್ ನಂಬರ್ ನೋಡಿ ಕುಣಿಯೋರು ತುಂಬಾ ಜನ, ಆ ಪ್ಲೇಟ್ ನಾಲ್ಕು ಸ್ಕ್ರೂ ಬಿಚ್ಚಿದ್ರೆ ಕೈಗೆ ಬರತ್ತೆ, ಇನ್ನೊಂದು ಗಿಟಾರಿಗೆ ಕೂರತ್ತೆ, ಅದರ ಮಾತು ಬಿಡಿ.

ಒಳಗೆ ಹೋಗೋಣ. ಜಾಝ್ ಬಾಸಲ್ಲಿ ನಾಬ್‌ಗಳಿರೋ ಕ್ರೋಮ್ ಪ್ಲೇಟಿನ ಸ್ಕ್ರೂ ತೆಗೀರಿ, ಪ್ರಿಸಿಷನ್ ಆದ್ರೆ ತಂತಿ ಸಡಿಲ ಮಾಡಿ ಪಿಕ್‌ಗಾರ್ಡ್ ಎತ್ತಿ. ನಾಬ್ ಕೆಳಗೆ ಲೋಹದ ಡಬ್ಬಿ ಥರ ಇರತ್ತಲ್ಲ, ಅದೇ ವಾಲ್ಯೂಮ್ ಪಾಟ್, ಟೋನ್ ಪಾಟ್. ಅದರ ಬೆನ್ನಿನ ಮೇಲೋ ಪಕ್ಕದಲ್ಲೋ ಒತ್ತಿರೋ ಸಂಖ್ಯೆ ಇರತ್ತೆ, ಟಾರ್ಚ್ ಓರೆಯಾಗಿ ಹಿಡಿದ್ರೆ ಕಾಣತ್ತೆ. ಮೊದಲ ಮೂರು ಅಂಕಿ ಪಾಟ್ ಮಾಡಿದ ಕಂಪನಿ: 137 ಅಂದ್ರೆ ಸಿಟಿಎಸ್, 304 ಅಂದ್ರೆ ಸ್ಟ್ಯಾಕ್‌ಪೋಲ್, 134 ಅಂದ್ರೆ ಸೆಂಟ್ರಲ್ಯಾಬ್. ಆಮೇಲೆ ವರ್ಷ, ಆಮೇಲೆ ವಾರ. 1376633 ಅಂತಿದ್ರೆ ಸಿಟಿಎಸ್, 1966, 33ನೇ ವಾರ, ಅಂದ್ರೆ ಆಗಸ್ಟ್. ಐವತ್ತರ ದಶಕದಲ್ಲಿ ವರ್ಷಕ್ಕೆ ಒಂದೇ ಅಂಕಿ, 304731 ಅಂದ್ರೆ ಸ್ಟ್ಯಾಕ್‌ಪೋಲ್, 57, 31ನೇ ವಾರ. ವಾರ 52 ದಾಟ್ತಾ ಇದ್ರೆ ನೀವು ತಪ್ಪು ಓದ್ತಿದ್ದೀರ, ಕನ್ನಡಕ ಹಾಕ್ಕೊಳ್ಳಿ.

ಈಗ ಮುಖ್ಯ ಮಾತು. ಅದು ಪಾಟ್ ಹುಟ್ಟಿದ ತಾರೀಖು, ಬಾಸ್ ಹುಟ್ಟಿದ್ದಲ್ಲ. ರವೆ ಪ್ಯಾಕೆಟ್ ಮೇಲಿನ ತಾರೀಖು ಉಪ್ಪಿಟ್ಟು ಮಾಡಿದ ತಾರೀಖಾಗಲ್ಲ ಅಲ್ವಾ. ಇದಕ್ಕಿಂತ ಮುಂಚೆ ಅಲ್ಲ, ಅಷ್ಟೇ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ನನ್ನ ಹತ್ರ ಒಬ್ಬ ಹುಡುಗ ಜಾಝ್ ಬಾಸ್ ತಂದಿದ್ದ, ಸಾಫ್ಟ್‌ವೇರ್ ಕೆಲಸ, ಅಮೆರಿಕಾಗೆ ಹೋದಾಗ ಯಾರೋ ಮಾರಾಟಗಾರರ ಹತ್ರ ತಗೊಂಡಿದ್ದು, 66ರದ್ದು ಅಂತ 66ರ ಬಾಸಿಗೆ ಈಗ ಇರೋ ಬೆಲೆನೇ ಕೊಟ್ಟು ಬಂದಿದ್ದಾನೆ. ಬುದ್ಧಿವಂತ, ತಾನೇ ಪ್ಲೇಟ್ ಬಿಚ್ಚಿ ಪಾಟ್ ಓದಿದ್ದಾನೆ, "ಸರ್, ಮೂರೂ ಪಾಟಲ್ಲೂ 66 ಅಂತಿದೆ, ಸೋಲ್ಡರ್ ಯಾರೂ ಮುಟ್ಟಿಲ್ಲ, ನೀವು ಒಂದ್ಸಲ ಹೂಂ ಅಂದುಬಿಡಿ ಸಾಕು" ಅಂದ. ನೋಡ್ದೆ. ಹುಡುಗ ಹೇಳಿದ್ದು ನಿಜ. ಸೋಲ್ಡರ್ ಮಂಕಾಗಿ ಬೂದು ಬಣ್ಣಕ್ಕೆ ತಿರುಗಿತ್ತು, ಬಟ್ಟೆ ಸುತ್ತಿದ ವೈರು ಧೂಳು ಕೂತು ಹಳದಿಯಾಗಿತ್ತು, ಫ್ರೆಟ್‌ಬೋರ್ಡ್ ಮೇಲೆ ಚೌಕದ ಗುರುತು, ಎಲ್ಲಾ ಸರಿ. ನಾನು ಹೂಂ ಅನ್ನಲಿಲ್ಲ. ನೆಕ್ ಬಿಚ್ಚೋಣ ಕಣಪ್ಪಾ ಅಂದೆ. ಅವನ ಮುಖ ನೋಡ್ಬೇಕಿತ್ತು, ಆಪರೇಷನ್‌ಗೆ ಸಹಿ ಹಾಕಿ ಅಂದಂಗೆ. ಬಿಚ್ಚಿದ್ವಿ. ನೆಕ್ಕಿನ ಬುಡದಲ್ಲಿ ಸ್ಟಾಂಪ್ ಇತ್ತು, ಮೊದಲು 7, ಅದು ಜಾಝ್ ಬಾಸಿನ ಗುರುತು, ಪಕ್ಕದಲ್ಲಿ ತಿಂಗಳು, ಆಮೇಲೆ 68. ಅರವತ್ತೆಂಟು!

ಪಾಟ್ ಬದಲಾಯಿಸಿದ್ರಾ ಅಂದ. ಇಲ್ಲಪ್ಪಾ, ಯಾರೂ ಏನೂ ಬದಲಾಯಿಸಿಲ್ಲ. 1965ರ ಜನವರಿಯಲ್ಲಿ ಸಿಬಿಎಸ್ ಕಂಪನಿ ಫೆಂಡರ್‌ನ ಕೊಂಡ್ಕೊಳ್ತು, 66ರಲ್ಲಿ ಸಿಟಿಎಸ್ ಪಾಟ್‌ಗಳನ್ನ ರಾಶಿ ರಾಶಿ ತರಿಸಿ ಇಟ್ಕೊಂಡ್ರು, ಆ ರಾಶಿ 69ರ ತನಕ ಖರ್ಚಾಗ್ತಾನೇ ಇತ್ತು, ಹಾಗಾಗಿ 67, 68, 69ರ ಎಷ್ಟೋ ಬಾಸ್ ಒಳಗೆ 66ರ ಪಾಟೇ ಇದೆ, ಎಲ್ಲಾ ಒರಿಜಿನಲ್ಲೇ. ಮಾರಿದವನು ಸುಳ್ಳು ಹೇಳಿದ್ನೋ ಗೊತ್ತಿಲ್ದೇ ಹೇಳಿದ್ನೋ, ದುಡ್ಡಂತೂ ಹೋಗಿತ್ತು. ಆದ್ರೆ ಬಾಸ್ ಮಾತ್ರ, ಆಹಾ, ಅದನ್ನ ಆಂಪ್‌ಗೆ ಹಾಕಿ ಕೆಳಗಿನ ಇ ತಂತಿ ಒಂದ್ಸಲ ಮೀಟಿದ್ರೆ ನನ್ನ ಬೆಂಚ್ ಮೇಲಿದ್ದ ಸ್ಕ್ರೂ ಡಬ್ಬಿ ಕುಣೀತಿತ್ತು, ಆ ದಿನ ಬೇರೆ ಕೆಲಸನೇ ಮಾಡ್ಲಿಲ್ಲ ನಾನು.

ನೋಡಿ, ಸಮಯ ಆಗ್ತಿದೆ ಅಂತ ಗಾಜಿನ ಆಚೆಯಿಂದ ಕೈ ಆಡಿಸ್ತಿದ್ದಾರೆ. ಪಿಕಪ್ ಬಗ್ಗೆ ಬೇಗ ಹೇಳ್ಬಿಡ್ತೀನಿ. ಫೆಂಡರ್ ಪಿಕಪ್ ಕೆಳಗಿನ ಹಲಗೆ 64ರ ಸುಮಾರಿನ ತನಕ ಕಪ್ಪು, ಆಮೇಲೆ ಬೂದು. ಅದರ ಮೇಲೆ ಪೆನ್ಸಿಲ್ಲಲ್ಲೋ ಸ್ಟಾಂಪಲ್ಲೋ ತಾರೀಖು ಇರಬಹುದು, ಅದೂ ಅಷ್ಟೇ, ಇದಕ್ಕಿಂತ ಮುಂಚೆ ಅಲ್ಲ. ಸುರುಳಿ ತಂತಿ ಹೊನ್ನಿನ ಬಣ್ಣ ಇದ್ರೆ ಅದರ ಮೇಲಿನ ಲೇಪ ಫಾರ್ಮ್‌ವಾರ್, ಕಡು ಕಂದು ಇದ್ರೆ ಎನಾಮಲ್. ಉಗುರು ತಾಗಿಸಬೇಡಿ ಮಾರಾಯ್ರೇ, 42 ಗೇಜ್ ತಂತಿ, ಒಂದು ಮಿಲಿಮೀಟರ್‌ನ ಹದಿನಾರನೇ ಒಂದು ಭಾಗ ದಪ್ಪ, ಕಿತ್ತುಹೋದ್ರೆ ಪಿಕಪ್ ಸತ್ತಂಗೆ. ಬಟ್ಟೆ ವೈರ್ ಇದ್ರೆ ಹಳೇದು ಅಂತಲೂ ಕುಣೀಬೇಡಿ, 1982ರಿಂದ ಫೆಂಡರೇ ಹಳೇ ಮಾಡೆಲ್‌ಗಳನ್ನ ಮತ್ತೆ ಮಾಡಕ್ಕೆ ಶುರುಮಾಡಿದೆ, ಅದರಲ್ಲೂ ಬಟ್ಟೆ ವೈರ್ ಹಾಕ್ತಾರೆ.

ಮಲ್ಟಿಮೀಟರ್ ಹಿಡಿದು ಪಿಕಪ್ ಸುರುಳಿಯ ರೆಸಿಸ್ಟೆನ್ಸ್ ಇಷ್ಟು ಓಮ್ ಬಂತು, ಹಾಗಾದ್ರೆ ಇಂಥಾ ವರ್ಷ ಅಂತ ಲೆಕ್ಕ ಹಾಕ್ತಾರಲ್ಲ, ಅದು ಬೇಡ. ತಾಮ್ರ ಬಿಸಿಯಾದ್ರೆ ರೀಡಿಂಗ್ ಏರತ್ತೆ, 20 ಡಿಗ್ರಿಯಲ್ಲಿ 10 ಕಿಲೋ ಓಮ್ ತೋರ್ಸೋ ಪಿಕಪ್ಪೇ ರಾಯಚೂರಿನ 40 ಡಿಗ್ರಿ ಮಧ್ಯಾಹ್ನದಲ್ಲಿ ಹತ್ತಿರ ಹತ್ತಿರ 10.8 ತೋರ್ಸತ್ತೆ. ಮೀಟರ್ ಪಿಕಪ್ ಬದುಕಿದೆಯಾ ಅಂತ ನೋಡೋಕೆ ಮಾತ್ರ.

ಫೆಂಡರ್ ಬಿಟ್ಟು ರಿಕನ್‌ಬ್ಯಾಕರ್ ಕಂಪನಿಯ 4001 ಬಾಸ್ ಸಿಕ್ಕಿದ್ರೆ, ತಂತಿ ಕೂರೋ ಬ್ರಿಡ್ಜ್ ಹತ್ತಿರದ ಪಿಕಪ್ ದಾರಿಯಲ್ಲಿ 0.0047 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆಯಾ ನೋಡಿ, ತಗ್ಗು ದನಿ ಜಾಸ್ತಿ ಬರ್ಲಿ ಅಂತ ಎಷ್ಟೋ ಜನ ಅದನ್ನ ಕಿತ್ತು ಎಸೆದಿರ್ತಾರೆ. ಮತ್ತೆ ಒಂದು, ಸೋಲ್ಡರಿಂಗ್ ಐರನ್ ಕೈಗೆ ತಗೊಳ್ಳೋ ಮುಂಚೆ ಒಳಗಿನದೆಲ್ಲಾ ಮೊಬೈಲಲ್ಲಿ ಫೋಟೋ ತೆಗೀರಿ, ತೆಗೆದ ಹಳೇ ಪಾಟ್ ಕೆಟ್ಟಿದ್ರೂ ಒಂದು ಕವರಿಗೆ ಹಾಕಿ ಕೇಸಲ್ಲೇ ಇಡಿ. ಆಯ್ತು ಆಯ್ತು, ಮುಗಿಸ್ದೆ, ನಮಸ್ಕಾರ.