ನೋರಾ ಹಾಕಿದ ಸಹಿ

ಕೇಳುಗರಿಗೆ ನಮಸ್ಕಾರ. ಕೈಲಿರೋ ಕೆಲಸ ನಿಲ್ಲಿಸಬೇಡಿ. ಕಾಯಿ ಸುಲಿಯುತ್ತಲೋ ಒಗ್ಗರಣೆ ಹಾಕುತ್ತಲೋ ಕೇಳಿದರೆ ಸಾಕು. ನಾನು ಹೇಳಬೇಕಾದ್ದು ಒಂದೇ ಮಾತು. ‘ಗೊಂಬೆಮನೆ’ ನಾಟಕ ನೋಡುವಾಗ ಬಾಗಿಲು ನೋಡಬೇಡಿ, ಸಹಿ ನೋಡಿ.

ನಾರ್ವೆಯ ಇಬ್ಸೆನ್ ಬರೆದ ಈ ನಾಟಕ 1879ರ ಡಿಸೆಂಬರ್ 21ರಂದು ಕೋಪನ್‌ಹೇಗನ್‌ನಲ್ಲಿ ಮೊದಲು ಆಡಿದ್ದು. ಕಥೆ ಸರಳ. ಗಂಡನಿಗೆ ಕಾಯಿಲೆ. ಇಟಲಿಗೆ ಕರೆದುಕೊಂಡು ಹೋಗದಿದ್ದರೆ ಉಳಿಯಲ್ಲ ಅಂತಾರೆ ಡಾಕ್ಟರು. ಹೆಂಡತಿ ನೋರಾ ಗುಟ್ಟಾಗಿ ಸಾಲ ತೆಗೀತಾಳೆ. ಗಂಡಸಿನ ಒಪ್ಪಿಗೆ ಇಲ್ಲದೆ ಹೆಂಗಸಿಗೆ ಸಾಲ ಹುಟ್ಟದ ಕಾಲ ಅದು. ಹಾಗಾಗಿ ಜಾಮೀನಿಗೆ ಅಪ್ಪನ ಸಹಿ ತಾನೇ ಹಾಕಿಬಿಡ್ತಾಳೆ. ಅಪ್ಪ ತೀರಿಕೊಂಡಿದ್ದು ಸೆಪ್ಟೆಂಬರ್ 29. ಸಹಿಯ ಪಕ್ಕದ ತಾರೀಖು ಅಕ್ಟೋಬರ್ 2! ಅಲ್ಲಿ ಸಿಕ್ಕಿಬೀಳ್ತಾಳೆ. ವಿಷಯ ಗೊತ್ತಾದಾಗ ಗಂಡ ಮರ್ಯಾದೆ ಹೋಯ್ತು ಅಂತ ಕೂಗಾಡ್ತಾನೆ. ಕೊನೆಗೆ ನೋರಾ ಬಾಗಿಲು ಎಳೆದುಕೊಂಡು ಹೊರಟುಹೋಗ್ತಾಳೆ.

ಎಲ್ಲರಿಗೂ ನೆನಪಿರೋದು ಆ ಬಾಗಿಲ ಸದ್ದು ಮಾತ್ರ. ನನಗಂತೂ ಅದನ್ನ ಕೇಳಿ ಕೇಳಿ ಸಾಕಾಗಿದೆ.

ತಿಪಟೂರಿನ ಹತ್ತಿರದ ಒಂದು ಊರಲ್ಲಿ ಹೆಂಗಸರನ್ನೇ ಸೇರಿಸಿಕೊಂಡು ಈ ನಾಟಕ ಆಡಿಸಿದೆವು. ಕ್ರಿಸ್‌ಮಸ್ ಬದಲು ದಸರಾ. ನೋರಾ ಕದ್ದು ತಿನ್ನೋ ಸಿಹಿ ನಮ್ಮಲ್ಲಿ ಕೊಬ್ಬರಿ ಮಿಠಾಯಿ. ಅವಳ ಇಟಲಿ ಕುಣಿತ ಕೋಲಾಟವಾಯ್ತು. ನೋರಾ ಆದವರು ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯೋರು. ಕಳ್ಳಸಹಿ ಹಾಕಿದ್ದನ್ನ ನಮ್ಮ ನಾಟಕದಲ್ಲಿ ಸ್ಟೇಜಿನ ಮೇಲೇ ತೋರಿಸೋದು ಅಂತ ಮಾಡಿದ್ದೆ. ಕೈ ನಡುಗಬೇಕು, ಆ ಕಡೆ ಈ ಕಡೆ ನೋಡಿ ಗಬಕ್ಕನೆ ಗೀಚಬೇಕು ಅಂತ ಹೇಳಿಕೊಟ್ಟೆ.

“ಹಂಗಲ್ಲ ಮೇಡಂ,” ಅಂದರು. “ಬೇರೆಯೋರ ಸಹಿ ಹಾಕೋರು ಅವಸರ ಮಾಡಲ್ಲ.”

“ನಿಮಗೆ ಹೇಗೆ ಗೊತ್ತು?”

“ಮಗಳ ಪ್ರೋಗ್ರೆಸ್ ಕಾರ್ಡಿಗೆ ನಮ್ಮನೆಯೋರ ಸಹಿ ನಾನೇ ಅಲ್ವಾ ಹಾಕೋದು. ಅವರು ಲೋಡ್ ಜೊತೆ ಹೋದ್ರೆ ವಾರ ಬರಲ್ಲ. ಸ್ಕೂಲಲ್ಲಿ ಅಪ್ಪನ ಸಹಿನೇ ಬೇಕು ಅಂತಾರೆ.”

ಎಲ್ಲರೂ ನಕ್ಕರು. ಆಕೆ ನನ್ನ ಪೆನ್ನು ತಗೊಂಡು ಪೇಪರಿನ ಅಂಚಲ್ಲಿ ಮಾಡಿ ತೋರಿಸಿದರು. ಮೊದಲ ಅಕ್ಷರದ ಕೆಳಗೊಂದು ಕೊಕ್ಕೆ. ಅಲ್ಲಿಂದ ಪೆನ್ನು ಎತ್ತದೆ ಒಂದೇ ಎಳೆತ. ಕೊನೆಗೆ ಎರಡು ಚುಕ್ಕಿ. ಉಸಿರು ಬಿಗಿಹಿಡಿದಿದ್ದರು. “ಮೊದಲು ನಾಲ್ಕು ಸಲ ಬರೆದು ಕೈ ಪಳಗಿಸ್ಕೋಬೇಕು ಮೇಡಂ.”

“ನಿಮ್ಮ ಸಹಿ ಹಾಕಿ ನೋಡೋಣ” ಅಂದೆ. ಹಾಕಿದರು. ಒಂದೊಂದೇ ಅಕ್ಷರ, ಮೂರನೇ ಕ್ಲಾಸಿನ ಮಗುವಿನ ಹಾಗೆ. ಸಂಘದ ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ಕೇಳಿಲ್ವಂತೆ.

ಈಗ ಹೇಳಿ, ಬಾಗಿಲು ದೊಡ್ಡದೋ ಸಹಿ ದೊಡ್ಡದೋ?

ಅಯ್ಯೋ, ಟೈಮ್ ಆಗ್ತಾ ಬಂತು ಅಂತ ಗಾಜಿನಾಚೆ ಕೈ ತೋರಿಸ್ತಿದ್ದಾರೆ. ಬೇಗ ಹೇಳಿಬಿಡ್ತೀನಿ. ಜರ್ಮನಿಯಲ್ಲಿ ಒಬ್ಬ ನಟಿ, ನಾನಾದರೆ ಮಕ್ಕಳನ್ನ ಬಿಟ್ಟು ಹೋಗಲ್ಲ ಅಂತ ಹಟ ಹಿಡಿದದ್ದಕ್ಕೆ, 1880ರಲ್ಲಿ ಇಬ್ಸೆನ್ ನೋರಾ ಮನೆಯಲ್ಲೇ ಉಳಿಯುವ ಕೊನೆಯೊಂದನ್ನ ಬರೆದುಕೊಟ್ಟ. ಅವನಿಗೇ ಅದು ಸಹಿಸಲಿಲ್ಲ. ಚೀನಾದ ಲೇಖಕ ಲೂ ಶುನ್ 1923ರಲ್ಲಿ, ಮನೆ ಬಿಟ್ಟ ನೋರಾಗೆ ಕೈಲಿ ದುಡ್ಡು ಬೇಕು ಅಂದ. ದುಡ್ಡು ಅಂದರೆ ಏನು, ಮತ್ತೆ ಸಹಿಯೇ ತಾನೇ!

ನಮ್ಮ ನಾಟಕದ ಕೊನೆ? ಸ್ಟೇಜಿಗೆ ಆನೆ ಹತ್ತಿಸಿದ ಗುಬ್ಬಿ ನಾಟಕ ಕಂಪನಿಯವರ ಜಿಲ್ಲೆ ಇದು. ನಮಗೆ ಒಂದು ಬಾಗಿಲು ನಿಲ್ಲಿಸೋಕೂ ದುಡ್ಡಿರಲಿಲ್ಲ. ಅದೇ ಒಳ್ಳೇದಾಯ್ತು. ನಮ್ಮ ನೋರಾ ಗಂಡನ ಮುಂದೆ ಕೂತು ತನ್ನ ಹೆಸರು ಬರೀತಾಳೆ, ನಿಧಾನವಾಗಿ, ಒಂದೊಂದೇ ಅಕ್ಷರ. ಆಮೇಲೆ ದಸರಾ ಮೆಟ್ಟಿಲಿಂದ ಪಟ್ಟದ ರಾಣಿಯನ್ನ ಎತ್ತಿಕೊಂಡು, ಸೆರಗಲ್ಲಿ ಸುತ್ತಿ, ಹೊರಡ್ತಾಳೆ. ರಾಜನ ಗೊಂಬೆ ಒಂಟಿ.

ಮೊದಲ ಪ್ರದರ್ಶನ ಮುಗಿದ ಮೇಲೆ ಮುಂದಿನ ಸಾಲಲ್ಲಿದ್ದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ಕೇಳಿದರು: “ಪಟ್ಟದ ಗೊಂಬೆ ಎರಡೂ ತವರಿಂದ ಕೊಟ್ಟಿದ್ದಲ್ವೇನಮ್ಮ? ರಾಜನ್ನ ಯಾಕೆ ಅವನಿಗೆ ಬಿಟ್ಟು ಬಂದ್ಲು?”

ನಮಗದು ಹೊಳೆದೇ ಇರಲಿಲ್ಲ. ಮಾರನೇ ಪ್ರದರ್ಶನದಿಂದ ಎರಡನ್ನೂ ತಗೊಂಡು ಹೋಗ್ತಾಳೆ. ನಮಸ್ಕಾರ.